ಪುಶ್ ತಡೆಯುವ ಹಳೆಯ ಕೀಲಿ

ಗಿಟ್ ಬಳಸಿ ಕೋಡನ್ನು ಸರ್ವರ್‌ಗೆ ಕಳಿಸುವಾಗ 'ಅಥೆಂಟಿಕೇಶನ್ ಫೇಲ್ಡ್', 'ಪರ್ಮಿಶನ್ ಡಿನೈಡ್', 'ರೆಪೊಸಿಟರಿ ನಾಟ್ ಫೌಂಡ್' ಎಂಬ ಸಂದೇಶಗಳು ಎದುರಾಗುತ್ತವೆ. ಮೂರೂ ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಬೇರು ಹಲವು ಸಲ ಒಂದೇ ಆಗಿರುತ್ತದೆ. ಕಂಪ್ಯೂಟರ್ ತಾನು ಎಂದೋ ಉಳಿಸಿಕೊಂಡ ಲಾಗಿನ್ ವಿವರವನ್ನು ಬಳಕೆದಾರರ ಪರವಾಗಿ, ಅವರನ್ನು ಒಂದು ಮಾತೂ ಕೇಳದೆ, ಸರ್ವರ್‌ಗೆ ಒಪ್ಪಿಸುತ್ತಿರುತ್ತದೆ. ಆ ವಿವರ ಹಳತಾಗಿರುತ್ತದೆ: ಪಾಸ್‌ವರ್ಡ್ ಬದಲಾಗಿರಬಹುದು, ಟೋಕನ್ನಿನ ಅವಧಿ ಮುಗಿದಿರಬಹುದು, ಖಾತೆಯೇ ಬೇರೊಬ್ಬರದ್ದಾಗಿರಬಹುದು. ಸರಿಯಾದ ಪಾಸ್‌ವರ್ಡ್ ಗೊತ್ತಿದ್ದೂ ಅದನ್ನು ಹೇಳಲು ಅವಕಾಶವೇ ಸಿಗದೆ ಜನ ಗಂಟೆಗಟ್ಟಲೆ ಪರದಾಡುವುದು ಇದರಿಂದಲೇ.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಪರವಾನಗಿ ಕೈತಪ್ಪಿದಾಗ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆದರು. ಯೋಜನೆಯ ಇಡೀ ಇತಿಹಾಸ ಪ್ರತಿಯೊಬ್ಬರ ಯಂತ್ರದಲ್ಲೂ ಇರುವಂತೆ ಅದನ್ನು ಕಟ್ಟಿದ್ದರಿಂದ ಕಮಿಟ್ ಮಾಡಲು, ಬ್ರಾಂಚ್ ತೆಗೆಯಲು, ಹಳೆಯ ಆವೃತ್ತಿಗೆ ಮರಳಲು ಯಾರ ಅನುಮತಿಯೂ ಬೇಕಿಲ್ಲ. ಕೋಡು ಯಂತ್ರದಿಂದ ಆಚೆ ಹೋಗುವಾಗ ಇಲ್ಲವೇ ಒಳಗೆ ಬರುವಾಗ, ಅಂದರೆ ಕ್ಲೋನ್, ಫೆಚ್, ಪುಲ್, ಪುಶ್ ಮಾಡುವಾಗ ಮಾತ್ರ ಲಾಗಿನ್ನಿನ ಮಾತು ಬರುತ್ತದೆ. ಆದ್ದರಿಂದ ಪುಶ್ ಸೋತ ಮಾತ್ರಕ್ಕೆ ಮಾಡಿದ ಕೆಲಸ ಎಲ್ಲಿಗೂ ಹೋಗಿರುವುದಿಲ್ಲ. ಗಾಬರಿಯಲ್ಲಿ ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುವವರಿದ್ದಾರೆ. ಉಳಿಸಿದ ಲಾಗಿನ್ ಇರುವುದು ಆ ಫೋಲ್ಡರಿನ ಹೊರಗೆ. ಹಾಗಾಗಿ ಅದು ಇದ್ದಲ್ಲೇ ಇರುತ್ತದೆ, ಕಳಿಸದೆ ಬಾಕಿ ಇದ್ದ ಕಮಿಟ್‌ಗಳು ಮಾತ್ರ ಕಳೆದುಹೋಗುತ್ತವೆ. ಈ ತೊಂದರೆಯಲ್ಲಿ ನಿಜವಾದ ನಷ್ಟ ಆಗುವುದು ಹೀಗೆ ಮಾತ್ರ.

ಇನ್ನೊಂದು ವ್ಯರ್ಥ ಪ್ರಯತ್ನವನ್ನೂ ಇಲ್ಲೇ ಹೇಳಬೇಕು. ಗಿಟ್ ಹಾಕಿಕೊಂಡ ಹೊಸತರಲ್ಲಿ ಎಲ್ಲರೂ ಹೆಸರು ಮತ್ತು ಇಮೇಲ್ ತುಂಬುತ್ತಾರೆ. ಯೂಸರ್ ಡಾಟ್ ನೇಮ್, ಯೂಸರ್ ಡಾಟ್ ಇಮೇಲ್ ಎಂಬ ಆ ಎರಡು ಸೆಟ್ಟಿಂಗ್‌ಗಳನ್ನೇ ಲಾಗಿನ್ ಎಂದು ತಿಳಿಯುವುದು ಬಹಳ ಸಾಮಾನ್ಯ. ಪುಶ್ ಆಗದಿದ್ದಾಗ ಅವನ್ನು ಹತ್ತು ಸಲ ಬದಲಿಸಿ ನೋಡುತ್ತಾರೆ. ಆ ಹೆಸರು ಪತ್ರದ ಕೆಳಗಿನ ಸಹಿಯಂತೆ ಕಮಿಟ್‌ನ ಮೇಲೆ ಅಚ್ಚಾಗುತ್ತದೆ ಅಷ್ಟೆ. ಸರ್ವರ್‌ನ ಬಾಗಿಲು ತೆರೆಯುವುದರಲ್ಲಿ ಅದರ ಪಾತ್ರವಿಲ್ಲ. ಬಾಗಿಲು ತೆರೆಯುವ ಕೀಲಿ ಬೇರೆಯೇ ಜಾಗದಲ್ಲಿರುತ್ತದೆ.

ಕೀಲಿಯನ್ನು ನೋಡಿಕೊಳ್ಳುವುದು ಕ್ರೆಡೆನ್ಷಿಯಲ್ ಹೆಲ್ಪರ್ ಎಂಬ ಪುಟ್ಟ ಸಹಾಯಕ ಪ್ರೋಗ್ರಾಂ. 2012ರಲ್ಲಿ ಬಂದ ಗಿಟ್ ಆವೃತ್ತಿಯಿಂದ ಈ ಏರ್ಪಾಡು ಇದೆ. ಎಚ್‌ಟಿಟಿಪಿಎಸ್ ವಿಳಾಸದ ಮೂಲಕ ಪುಶ್ ಮಾಡಿದಾಗ ಗಿಟ್ ಮೊದಲು ಬರಿಗೈಯಲ್ಲೇ ಸರ್ವರ್‌ನ ಬಾಗಿಲು ತಟ್ಟುತ್ತದೆ. ಸರ್ವರ್ ಗುರುತು ಕೇಳುತ್ತದೆ. ಗಿಟ್ ಹೆಲ್ಪರ್‌ನತ್ತ ತಿರುಗಿ, ಈ ಹೋಸ್ಟ್‌ಗೆ ಏನಾದರೂ ಇದೆಯೇ ಎಂದು ವಿಚಾರಿಸುತ್ತದೆ. ಇದ್ದರೆ ಹೆಲ್ಪರ್ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೊಡುತ್ತದೆ, ಇಲ್ಲದಿದ್ದರೆ ಮಾತ್ರ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಕೊಟ್ಟ ವಿವರವನ್ನು ಸರ್ವರ್ ಒಪ್ಪಿದರೆ 'ಇದನ್ನು ಇಟ್ಟುಕೋ' ಎಂದೂ, ತಿರಸ್ಕರಿಸಿದರೆ 'ಇದನ್ನು ಅಳಿಸು' ಎಂದೂ ಗಿಟ್ ಹೆಲ್ಪರ್‌ಗೆ ಹೇಳುತ್ತದೆ. ಕೇಳು, ಇಡು, ಅಳಿಸು ಎಂಬ ಈ ಮೂರು ಮಾತುಗಳಲ್ಲೇ ಅವೆರಡರ ವ್ಯವಹಾರ ಮುಗಿಯುತ್ತದೆ.

ಹಾಗಿದ್ದರೆ ಕೆಟ್ಟ ಪಾಸ್‌ವರ್ಡ್ ತಾನಾಗಿಯೇ ಅಳಿಸಿಹೋಗಬೇಕಲ್ಲ ಎಂಬ ಪ್ರಶ್ನೆ ಏಳುತ್ತದೆ. ಇಡೀ ಗೊಂದಲಕ್ಕೆ ಉತ್ತರ ಇರುವುದು ಈ ಪ್ರಶ್ನೆಯಲ್ಲೇ. ಸರ್ವರ್ 'ಇಲ್ಲ' ಎನ್ನುವುದಕ್ಕೆ ಮೂರು ಬಗೆಗಳಿವೆ, ಮೂರಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. 401 ಎಂದರೆ ಕೊಟ್ಟ ಗುರುತು ನಂಬಲಾಗದು ಎಂದರ್ಥ. 403 ಎಂದರೆ ಗುರುತು ಸರಿಯಿದೆ, ಆದರೆ ಈ ಕೆಲಸಕ್ಕೆ ಅಧಿಕಾರವಿಲ್ಲ. 404 ಎಂದರೆ ಅಂಥ ರೆಪೊಸಿಟರಿಯೇ ಇಲ್ಲ. ಕಾಲೇಜು ಲೈಬ್ರರಿಯ ಬಾಗಿಲಲ್ಲಿ ಅವಧಿ ಮೀರಿದ ಕಾರ್ಡ್ ತೋರಿಸುವುದು ಮೊದಲನೆಯದು. ಚಾಲ್ತಿಯಲ್ಲಿರುವ ಕಾರ್ಡನ್ನೇ ತೋರಿಸಿ, ಬೇರೆ ವಿಭಾಗದ ಪುಸ್ತಕ ಕೇಳುವುದು ಎರಡನೆಯದು. ಗಿಟ್ ಹೆಲ್ಪರ್‌ಗೆ 'ಅಳಿಸು' ಎಂದು ಹೇಳುವುದು 401 ಬಂದಾಗ ಮಾತ್ರ. 403 ಅಥವಾ 404 ಬಂದರೆ ಉಳಿಸಿದ ವಿವರದ ಮೇಲೆ ಅದಕ್ಕೆ ಅನುಮಾನ ಬರಲು ಕಾರಣವಿಲ್ಲ, ಏಕೆಂದರೆ ಸರ್ವರ್ ಆ ಗುರುತನ್ನು ತಪ್ಪೆಂದು ಹೇಳಿಯೇ ಇಲ್ಲ. ಆದ್ದರಿಂದ ಬೇರೆ ಖಾತೆಯ ಚಾಲ್ತಿ ಕೀಲಿ ಯಂತ್ರದಲ್ಲಿ ಕೂತಿದ್ದರೆ ಅದು ಎಷ್ಟು ಸಲ ಸೋತರೂ ಅಲ್ಲೇ ಇರುತ್ತದೆ, ಮತ್ತೆ ಮತ್ತೆ ತಾನೇ ಮುಂದೆ ಬರುತ್ತದೆ.

404ರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಖಾಸಗಿ ರೆಪೊಸಿಟರಿಯನ್ನು ಅಧಿಕಾರವಿಲ್ಲದ ಖಾತೆಯಿಂದ ಕೇಳಿದರೆ ಗಿಟ್‌ಹಬ್ 'ನಿಮಗೆ ಅನುಮತಿ ಇಲ್ಲ' ಎನ್ನುವುದಿಲ್ಲ, 'ಅಂಥದ್ದು ಇಲ್ಲ' ಎನ್ನುತ್ತದೆ. ಹಾಗೊಂದು ರೆಪೊಸಿಟರಿ ಇದೆ ಎಂಬ ಸುಳಿವೂ ಹೊರಗಿನವರಿಗೆ ಸಿಗಬಾರದೆಂಬುದು ಅದರ ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ಬ್ರೌಸರ್‌ನಲ್ಲಿ ಕಣ್ಣೆದುರು ತೆರೆದಿರುವ ರೆಪೊಸಿಟರಿಯನ್ನು ಟರ್ಮಿನಲ್ 'ಇಲ್ಲ' ಎಂದಾಗ ಜನ ವಿಳಾಸದ ಕಾಗುಣಿತವನ್ನು ತಿದ್ದುತ್ತಾ ಕೂರುತ್ತಾರೆ. ಬ್ರೌಸರ್ ಒಂದು ಖಾತೆಯಲ್ಲಿ, ಟರ್ಮಿನಲ್ ಇನ್ನೊಂದು ಖಾತೆಯಲ್ಲಿ ಲಾಗಿನ್ ಆಗಿರಬಹುದು ಎಂಬುದು ಹೊಳೆಯುವುದು ತಡವಾಗಿ. ವಿಳಾಸವನ್ನು ಬ್ರೌಸರ್‌ನಿಂದಲೇ ನಕಲು ಮಾಡಿದ ಮೇಲೂ 'ನಾಟ್ ಫೌಂಡ್' ಬಂದರೆ ಸಂಶಯ ಪಡಬೇಕಾದದ್ದು ಉಳಿಸಿದ ಲಾಗಿನ್ ಮೇಲೆ.

ಕಾಲೇಜಿನ ಲ್ಯಾಬಿನಲ್ಲಿ ಇದು ನಡೆಯುವ ರೀತಿ ನೋಡಿದರೆ ಎಲ್ಲವೂ ಬಿಡಿಸಿದಂತೆ ಕಾಣುತ್ತದೆ. ಒಂದು ವಿಂಡೋಸ್ ಕಂಪ್ಯೂಟರ್, ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ವಿಂಡೋಸ್ ಲಾಗಿನ್. ಬೆಳಗಿನ ಬ್ಯಾಚಿನ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟನ್ನು ಪುಶ್ ಮಾಡುತ್ತಾಳೆ. ಬ್ರೌಸರ್ ಕಿಟಕಿಯೊಂದು ತೆರೆದು ಗಿಟ್‌ಹಬ್ ಲಾಗಿನ್ ಕೇಳುತ್ತದೆ, ಕೊಡುತ್ತಾಳೆ, ಪುಶ್ ಆಗುತ್ತದೆ, ಬ್ರೌಸರ್‌ನಲ್ಲಿ ಸೈನ್ ಔಟ್ ಮಾಡಿ ಎದ್ದು ಹೋಗುತ್ತಾಳೆ. ಮಧ್ಯಾಹ್ನ ಇನ್ನೊಬ್ಬ ಬರುತ್ತಾನೆ. ತನ್ನ ಖಾತೆಯಲ್ಲಿ ಸಾರ್ವಜನಿಕ ರೆಪೊಸಿಟರಿ ತೆರೆದು ಕ್ಲೋನ್ ಮಾಡುತ್ತಾನೆ. ಕ್ಲೋನ್ ಸಲೀಸಾಗಿ ಆಗುತ್ತದೆ, ಏಕೆಂದರೆ ಸಾರ್ವಜನಿಕ ರೆಪೊಸಿಟರಿಯನ್ನು ಓದಲು ಲಾಗಿನ್ನೇ ಬೇಡ. ತನ್ನ ಲಾಗಿನ್ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾನೆ. ಎರಡು ಗಂಟೆ ಕೆಲಸ ಮಾಡಿ ಪುಶ್ ಕೊಟ್ಟರೆ ಬರುವ ಸಾಲು: ಈ ರೆಪೊಸಿಟರಿಗೆ ಪ್ರವೇಶವನ್ನು ಇಂಥವರಿಗೆ ನಿರಾಕರಿಸಲಾಗಿದೆ, ಕೊನೆಯಲ್ಲಿ 403. 'ಇಂಥವರು' ಎಂಬ ಜಾಗದಲ್ಲಿರುವುದು ಬೆಳಗಿನ ವಿದ್ಯಾರ್ಥಿನಿಯ ಯೂಸರ್‌ನೇಮ್. ಅವಳು ಸೈನ್ ಔಟ್ ಆದದ್ದು ಬ್ರೌಸರ್‌ನಿಂದ. ಗಿಟ್‌ಗೆ ಸಿಕ್ಕ ಟೋಕನ್ ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಾಗೇ ಉಳಿದಿತ್ತು.

ಈ ದೋಷದ ಸಾಲಿನಲ್ಲಿ ಬರುವ ಯೂಸರ್‌ನೇಮ್ ಬಹಳ ಬೆಲೆಯುಳ್ಳ ಸುಳಿವು. ಸರ್ವರ್ ಯಾರನ್ನು ಕಂಡಿತು ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ಆದರೂ ಹೆಚ್ಚಿನವರ ಕಣ್ಣು 'ಡಿನೈಡ್' ಎಂಬಲ್ಲೇ ನಿಂತುಬಿಡುತ್ತದೆ, ಅದರ ಮುಂದಿನ ಹೆಸರನ್ನು ಓದುವುದಿಲ್ಲ. ಲ್ಯಾಬಿನ ಆ ಯಂತ್ರದಲ್ಲಿ ಇದಕ್ಕಿಂತ ಗಂಭೀರವಾದ ಸಂಗತಿಯೂ ಇದೆ. ಮಧ್ಯಾಹ್ನ ಬಂದವನಿಗೆ ತನ್ನ ರೆಪೊಸಿಟರಿಗೆ ಬರೆಯಲು ಆಗಲಿಲ್ಲ, ಆದರೆ ಬೆಳಗಿನವಳ ರೆಪೊಸಿಟರಿಗೆ ಅವಳ ಹೆಸರಿನಲ್ಲೇ ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಹಲವರು ಬಳಸುವ ಕಂಪ್ಯೂಟರ್‌ಗಳಲ್ಲಿ ಲಾಗಿನ್ ಉಳಿಸುವ ಸೌಲಭ್ಯವನ್ನು ಲ್ಯಾಬ್ ನೋಡಿಕೊಳ್ಳುವವರೇ ಮುಚ್ಚಿಡಬೇಕು. ಪ್ರತಿ ಸಲ ಟೋಕನ್ ಕೇಳಿದರೆ ಕಿರಿಕಿರಿ ನಿಜ, ಆದರೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕೈ ಬೀಳುವುದಕ್ಕಿಂತ ಅದು ಮೇಲು.

ಲಾಗಿನ್ ಉಳಿಸಿ ಎಂದು ಯಾರೂ ಕೇಳಿಕೊಂಡಿರಲಿಲ್ಲವಲ್ಲ ಎಂಬುದು ಈ ಹಂತದಲ್ಲಿ ಬರುವ ಆಕ್ಷೇಪ. ಅದು ನ್ಯಾಯವಾದದ್ದೇ. ವಿಂಡೋಸ್‌ಗೆ ಗಿಟ್ ಹಾಕಿಕೊಂಡಾಗ ಗಿಟ್ ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬ ಹೆಲ್ಪರ್ ಜೊತೆಗೇ ಬರುತ್ತದೆ, ಅದು ವಿವರಗಳನ್ನು ವಿಂಡೋಸ್‌ನ ಸ್ವಂತ ತಿಜೋರಿಯಲ್ಲಿ ಇಡುತ್ತದೆ. ಆಪಲ್ ತನ್ನ ಮ್ಯಾಕ್ ಯಂತ್ರಗಳಿಗೆ ಕೊಡುವ ಗಿಟ್ ಕೀಚೈನ್‌ಗೆ ಮೊದಲೇ ಜೋಡಣೆಯಾಗಿರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆದಾರರೇ ಹೆಲ್ಪರ್ ಆರಿಸಿಕೊಳ್ಳಬೇಕು. ಅಲ್ಲಿ ಎರಡು ಸರಳ ಹೆಲ್ಪರ್‌ಗಳಿವೆ. ಕ್ಯಾಶ್ ಎಂಬುದು ವಿವರವನ್ನು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ, ಬೇರೆ ಅವಧಿ ಹೇಳದಿದ್ದರೆ 900 ಸೆಕೆಂಡು, ಅಂದರೆ ಕಾಲು ಗಂಟೆಗೆ ಮರೆತುಬಿಡುತ್ತದೆ. ಸ್ಟೋರ್ ಎಂಬುದು ಮರೆಯುವುದಿಲ್ಲ. ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ, ಗಿಟ್-ಕ್ರೆಡೆನ್ಷಿಯಲ್ಸ್ ಹೆಸರಿನ ಮರೆಯ ಫೈಲಿನಲ್ಲಿ ಪಾಸ್‌ವರ್ಡನ್ನು ಇದ್ದದ್ದು ಇದ್ದಂತೆ ಬರೆದಿಡುತ್ತದೆ. ಫೈಲ್ ತೆರೆಯಬಲ್ಲ ಯಾರಿಗಾದರೂ ಅದು ಓದಲು ಸಿಗುತ್ತದೆ. ತಾತ್ಕಾಲಿಕವೆಂದು ಒಮ್ಮೆ ಸ್ಟೋರ್ ಹಾಕಿ ಮರೆತ ಯಂತ್ರಗಳಲ್ಲೇ ವರ್ಷಗಳ ಹಿಂದಿನ ಪಾಸ್‌ವರ್ಡ್‌ಗಳು ಸಿಗುವುದು. ಇದನ್ನು ಬಳಸದಿರುವುದೇ ಒಳಿತು.

ಯಾವ ಯಂತ್ರದಲ್ಲಿ ಯಾವ ಹೆಲ್ಪರ್ ಇದೆ ಎಂದು ಊಹಿಸುವ ಅಗತ್ಯವಿಲ್ಲ, ಗಿಟ್ ಅನ್ನೇ ಕೇಳಬಹುದು. ಗಿಟ್ ಕನ್ಫಿಗ್ ಆದೇಶಕ್ಕೆ ಶೋ-ಒರಿಜಿನ್ ಮತ್ತು ಗೆಟ್-ಆಲ್ ಎಂಬ ಆಯ್ಕೆಗಳನ್ನು ಸೇರಿಸಿ ಕ್ರೆಡೆನ್ಷಿಯಲ್ ಡಾಟ್ ಹೆಲ್ಪರ್ ಎಂಬ ಸೆಟ್ಟಿಂಗನ್ನು ಕೇಳಿದರೆ ಹೆಲ್ಪರ್‌ನ ಹೆಸರು, ಅದನ್ನು ಬರೆದಿರುವ ಫೈಲಿನ ವಿಳಾಸ ಎರಡೂ ಬರುತ್ತವೆ. ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಎಚ್ಚರ ವಹಿಸಬೇಕು. ಇಡೀ ಯಂತ್ರಕ್ಕೆ ಒಂದು, ಬಳಕೆದಾರರಿಗೆ ಒಂದು, ಈ ರೆಪೊಸಿಟರಿಗೆ ಒಂದು ಎಂದು ಮೂರು ಹಂತದ ಸೆಟ್ಟಿಂಗ್‌ಗಳಿದ್ದು, ಹೆಲ್ಪರ್ ವಿಷಯದಲ್ಲಿ ಕೆಳಗಿನದು ಮೇಲಿನದನ್ನು ತಳ್ಳಿಹಾಕುವುದಿಲ್ಲ. ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಗಿಟ್ ಅವುಗಳನ್ನು ಒಂದಾದ ಮೇಲೊಂದು ಕೇಳುತ್ತದೆ, ಮೊದಲು ಪೂರ್ತಿ ಉತ್ತರ ಕೊಟ್ಟದ್ದರ ಮಾತೇ ನಡೆಯುತ್ತದೆ. ಒಂದನ್ನು ಶುಚಿ ಮಾಡಿದ ಮೇಲೂ ಹಳೆಯ ಲಾಗಿನ್ ಮತ್ತೆ ಎದ್ದು ಬಂದರೆ ಅದು ಇನ್ನೊಂದು ಹೆಲ್ಪರ್‌ನಿಂದ ಬಂದಿರುತ್ತದೆ.

ಸರ್ವರ್‌ಗೆ ಯಾವ ಹೆಸರು ಹೋಗುತ್ತಿದೆ ಎಂಬುದನ್ನು ಕಣ್ಣಾರೆ ನೋಡುವ ದಾರಿಯೂ ಇದೆ, ಆದರೆ ಇದನ್ನು ಬಲ್ಲವರು ಕಡಿಮೆ. ಟರ್ಮಿನಲ್‌ನಲ್ಲಿ ಗಿಟ್ ಕ್ರೆಡೆನ್ಷಿಯಲ್ ಫಿಲ್ ಎಂದು ಬರೆದು ಎಂಟರ್ ಒತ್ತಿದರೆ ಅದು ಸುಮ್ಮನೆ ಕಾಯುತ್ತಾ ಕೂರುತ್ತದೆ. ಒಂದು ಸಾಲಿನಲ್ಲಿ ಪ್ರೊಟೊಕಾಲ್ ಸಮ ಎಚ್‌ಟಿಟಿಪಿಎಸ್ ಎಂದೂ, ಮುಂದಿನ ಸಾಲಿನಲ್ಲಿ ಹೋಸ್ಟ್ ಸಮ ಗಿಟ್‌ಹಬ್ ಡಾಟ್ ಕಾಮ್ ಎಂದೂ ಬರೆದು, ಒಂದು ಖಾಲಿ ಸಾಲು ಬಿಟ್ಟರೆ ಉಳಿದಿರುವ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಪರದೆಯ ಮೇಲೆ ಬರುತ್ತವೆ. ಯೂಸರ್‌ನೇಮ್ ನೋಡಿದರೆ ಸಾಕು, ಅರ್ಧ ಕಥೆ ತಿಳಿಯುತ್ತದೆ. ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಅಚ್ಚಾಗುವುದರಿಂದ ಪ್ರೊಜೆಕ್ಟರ್ ಮುಂದೆ, ಆನ್‌ಲೈನ್ ಮೀಟಿಂಗಿನಲ್ಲಿ ಪರದೆ ಹಂಚಿಕೊಂಡಿರುವಾಗ ಇದನ್ನು ಮಾಡಲೇಬಾರದು. ಅದೇ ಎರಡು ಸಾಲುಗಳನ್ನು ಗಿಟ್ ಕ್ರೆಡೆನ್ಷಿಯಲ್ ರಿಜೆಕ್ಟ್ ಎಂಬ ಆದೇಶಕ್ಕೆ ಕೊಟ್ಟರೆ ಹೆಲ್ಪರ್ ಯಾವುದೇ ಇರಲಿ, ಆ ಹೋಸ್ಟ್‌ಗೆ ಸೇರಿದ ವಿವರವನ್ನು ಅಳಿಸು ಎಂಬ ಸೂಚನೆ ಹೋಗುತ್ತದೆ. 401 ಬಂದಾಗ ಗಿಟ್ ತಾನಾಗಿ ಮಾಡುವ ಕೆಲಸವನ್ನೇ ಕೈಯಿಂದ ಮಾಡಿದಂತೆ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ರೀತಿ ನಡೆಯುವ ಪರಿಹಾರ ಇದೇ. ಮೊದಲು ಕಲಿಸಬೇಕಾದದ್ದೂ ಇದನ್ನೇ.

ಟರ್ಮಿನಲ್ ಅಂದರೆ ಹಿಂಜರಿಯುವವರಿಗೆ ಪರದೆಯ ದಾರಿಗಳಿವೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್ ಎಂಬಲ್ಲಿ ಜೆನೆರಿಕ್ ಪಟ್ಟಿಯನ್ನು ನೋಡಿದರೆ 'ಗಿಟ್' ಎಂದು ಶುರುವಾಗಿ ಸರ್ವರ್ ವಿಳಾಸದೊಂದಿಗೆ ಮುಗಿಯುವ ನಮೂದು ಸಿಗುತ್ತದೆ. ಅದನ್ನು ತಿದ್ದುವುದಕ್ಕಿಂತ ತೆಗೆದುಹಾಕುವುದು ಮೇಲು, ಮುಂದಿನ ಪುಶ್‌ನಲ್ಲಿ ಹೊಸದಾಗಿ ಕೇಳುತ್ತದೆ. ಮ್ಯಾಕ್‌ನಲ್ಲಿ ಕೀಚೈನ್ ಆಕ್ಸೆಸ್ ತೆರೆದು ಸರ್ವರ್ ಹೆಸರಿನಿಂದ ಹುಡುಕಿ, ಇಂಟರ್ನೆಟ್ ಪಾಸ್‌ವರ್ಡ್ ಎಂಬ ಬಗೆಯ ನಮೂದನ್ನು ಅಳಿಸಬೇಕು. ಎಲ್ಲಿಯೇ ಆಗಲಿ ಆ ಒಂದು ನಮೂದನ್ನು ಮಾತ್ರ ತೆಗೆಯಬೇಕು. ತಿಜೋರಿಯನ್ನೇ ಬರಿದು ಮಾಡಿದರೆ ಬೇರೆ ತಂತ್ರಾಂಶಗಳ ಲಾಗಿನ್ನುಗಳೂ ಜೊತೆಗೆ ಹೋಗಿ ಹೊಸ ತಲೆನೋವು ಶುರುವಾಗುತ್ತದೆ.

ಇಷ್ಟಾದರೂ ದೋಷ ಹೋಗದಿದ್ದರೆ ಹೆಲ್ಪರ್‌ಗಳ ಆಚೆ ನೋಡಬೇಕು. ಗಿಟ್ ರಿಮೋಟ್ ಆದೇಶಕ್ಕೆ ವಿ ಎಂಬ ಆಯ್ಕೆ ಕೊಟ್ಟು ರೆಪೊಸಿಟರಿಯ ವಿಳಾಸ ನೋಡಿದಾಗ ಹೋಸ್ಟ್ ಹೆಸರಿಗೂ ಮೊದಲು ಯೂಸರ್‌ನೇಮ್, ಟೋಕನ್ ಎರಡೂ ಕಂಡರೆ ಕಾರಣ ಸಿಕ್ಕಂತೆ. ಹಿಂದೆ ಯಾರೋ ಅನುಕೂಲಕ್ಕೆಂದು ಟೋಕನ್ನನ್ನು ವಿಳಾಸದೊಳಗೇ ಸೇರಿಸಿರುತ್ತಾರೆ. ವಿಳಾಸದಲ್ಲಿರುವುದನ್ನು ಗಿಟ್ ಅಳಿಸುವುದಿಲ್ಲ, ಅವಧಿ ಮುಗಿದ ಮೇಲೂ ಅದನ್ನೇ ಕೊಟ್ಟು ಪ್ರತಿ ಸಲ ಸೋಲುತ್ತದೆ, ಹೊಸದನ್ನು ಕೇಳುವುದೂ ಇಲ್ಲ. ಸೆಟ್-ಯುಆರ್‌ಎಲ್ ಎಂಬ ಉಪ ಆದೇಶದಿಂದ ವಿಳಾಸವನ್ನು ಶುಚಿಗೊಳಿಸಬೇಕು. ಹೋಮ್ ಫೋಲ್ಡರಿನಲ್ಲಿ ನೆಟ್‌ಆರ್‌ಸಿ ಹೆಸರಿನ ಫೈಲ್ ಇದ್ದರೆ ಅದನ್ನೂ ತೆರೆದು ನೋಡಬೇಕು. ಅದು ಗಿಟ್‌ಗಿಂತ ಬಹಳ ಹಳೆಯ ಪದ್ಧತಿ, ಆದರೂ ಗಿಟ್ ಇವತ್ತಿಗೂ ಅದನ್ನು ಓದುತ್ತದೆ. ಅಲ್ಲಿ ಬೇರೊಂದು ಖಾತೆಯ ಚಾಲ್ತಿ ಕೀಲಿ ಇದ್ದರೆ ಹೆಲ್ಪರ್‌ವರೆಗೆ ಮಾತೇ ಹೋಗುವುದಿಲ್ಲ. ಇನ್ನು 'ಕ್ರೆಡೆನ್ಷಿಯಲ್-ಮ್ಯಾನೇಜರ್-ಕೋರ್ ಎಂಬುದು ಗಿಟ್ ಆದೇಶವಲ್ಲ' ಎಂಬ ಸಂದೇಶ ಬಂದರೆ ಹಳತಾಗಿರುವುದು ಪಾಸ್‌ವರ್ಡ್ ಅಲ್ಲ, ಹೆಲ್ಪರ್‌ನ ಹೆಸರು. 2022ರಲ್ಲಿ ಆ ಹೆಸರಿನಿಂದ 'ಕೋರ್' ಎಂಬ ಭಾಗವನ್ನು ಕೈಬಿಡಲಾಯಿತು, ಆದರೆ ಬಳಕೆದಾರರ ಸೆಟ್ಟಿಂಗ್ ಫೈಲಿನಲ್ಲಿ ಹಳೆಯ ಹೆಸರು ಉಳಿದಿರುತ್ತದೆ.

ಅನುಮಾನ ಪರಿಹರಿಸಿಕೊಳ್ಳಲು ಒಂದು ಪರೀಕ್ಷೆಯಿದೆ. ಗಿಟ್ ಎಂಬ ಪದಕ್ಕೂ ಪುಶ್ ಎಂಬ ಪದಕ್ಕೂ ನಡುವೆ ಸಣ್ಣ ಸಿ ಆಯ್ಕೆಯ ಮೂಲಕ ಕ್ರೆಡೆನ್ಷಿಯಲ್ ಡಾಟ್ ಹೆಲ್ಪರ್‌ಗೆ ಖಾಲಿ ಮೌಲ್ಯ ಕೊಟ್ಟು ಓಡಿಸಿದರೆ ಆ ಒಂದು ಸಲಕ್ಕೆ ಮಾತ್ರ ಎಲ್ಲ ಹೆಲ್ಪರ್‌ಗಳೂ ಬದಿಗೆ ಸರಿಯುತ್ತವೆ. ಆಗ ಗಿಟ್ ಯೂಸರ್‌ನೇಮ್ ಕೇಳಿ, ಕೊಟ್ಟ ವಿವರದಿಂದ ಪುಶ್ ಆಗಿಬಿಟ್ಟರೆ ತಪ್ಪು ಹೆಲ್ಪರ್‌ನಲ್ಲಿತ್ತು ಎಂಬುದು ಖಚಿತ. ಆಗಲೂ 403 ಬಂದರೆ ನಿಜಕ್ಕೂ ಆ ಖಾತೆಗೆ ಅಧಿಕಾರವಿಲ್ಲ. ರೆಪೊಸಿಟರಿಯ ಒಡೆಯರನ್ನು ಕೇಳಬೇಕೇ ಹೊರತು ಯಂತ್ರವನ್ನು ಕೆದಕಿ ಫಲವಿಲ್ಲ.

ಹಳೆಯ ನಮೂದು ಹೋಯಿತು, ಗಿಟ್ ಪಾಸ್‌ವರ್ಡ್ ಕೇಳಿತು, ಸರಿಯಾದ ಪಾಸ್‌ವರ್ಡನ್ನೇ ಕೊಟ್ಟರೂ ಆಗಲಿಲ್ಲ ಎಂಬ ದೂರು ಇದರ ಬೆನ್ನಿಗೇ ಬರುತ್ತದೆ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಖಾತೆಯ ಪಾಸ್‌ವರ್ಡನ್ನು ಗಿಟ್ ಕೆಲಸಗಳಿಗೆ ಸ್ವೀಕರಿಸುವುದಿಲ್ಲ. ಬ್ರೌಸರ್‌ನಲ್ಲಿ ಲಾಗಿನ್ ಆಗಲು ಅದು ಬೇಕು, ಟರ್ಮಿನಲ್‌ಗೆ ಅದು ನಡೆಯದು. ಪಾಸ್‌ವರ್ಡ್ ಎಂದು ಕೇಳಿದ ಜಾಗದಲ್ಲಿ ಕೊಡಬೇಕಾದದ್ದು ಪರ್ಸನಲ್ ಆಕ್ಸೆಸ್ ಟೋಕನ್. ಪ್ರಶ್ನೆಯ ಪದ ಮಾತ್ರ ಇನ್ನೂ 'ಪಾಸ್‌ವರ್ಡ್' ಎಂದೇ ಉಳಿದಿರುವುದು ಗೊಂದಲಕ್ಕೆ ಎಡೆ ಮಾಡಿದೆ. ಟೋಕನ್ನನ್ನು ಗಿಟ್‌ಹಬ್ ಸೆಟ್ಟಿಂಗ್ಸ್‌ನ ಡೆವಲಪರ್ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳಬೇಕು. ಮಾಡಿದಾಗ ಒಮ್ಮೆ ಮಾತ್ರ ತೋರಿಸುತ್ತದೆ, ಆ ಪುಟ ಮುಚ್ಚಿದರೆ ಮತ್ತೆ ನೋಡಲಾಗದು. ಟರ್ಮಿನಲ್‌ನಲ್ಲಿ ಅದನ್ನು ಅಂಟಿಸಿದಾಗ ಚುಕ್ಕೆಯೂ ಕಾಣುವುದಿಲ್ಲ, ಅಂಟಲೇ ಇಲ್ಲವೆಂದು ಎರಡು ಸಲ ಅಂಟಿಸಿ ಸೋಲುವವರು ಎಷ್ಟೋ ಜನ.

ಟೋಕನ್ ಬಂದ ಮೇಲೆ ತೊಂದರೆ ಕಡಿಮೆಯಾಯಿತೆನ್ನಲಾಗದು, ಅದರ ಸ್ವರೂಪ ಬದಲಾಯಿತು. ಪಾಸ್‌ವರ್ಡನ್ನು ಬಳಕೆದಾರರು ತಾವಾಗಿ ಬದಲಿಸಿದರೆ ಮಾತ್ರ ಹಳತಾಗುತ್ತಿತ್ತು. ಟೋಕನ್ ತನ್ನಷ್ಟಕ್ಕೇ ಹಳತಾಗುತ್ತದೆ. 30, 60, 90 ದಿನ ಎಂದು ಮಾಡುವಾಗಲೇ ಅವಧಿ ನಿಗದಿಯಾಗುತ್ತದೆ. ವರ್ಷವಿಡೀ ಬಳಸದೆ ಬಿಟ್ಟ ಟೋಕನ್ನನ್ನು ಗಿಟ್‌ಹಬ್ ತಾನೇ ತೆಗೆದುಹಾಕುತ್ತದೆ. ಟೋಕನ್ ಮರೆತು ಸಾರ್ವಜನಿಕ ರೆಪೊಸಿಟರಿಗೆ ಪುಶ್ ಆಗಿಬಿಟ್ಟರೂ ಅದನ್ನು ಗುರುತಿಸಿ ರದ್ದು ಮಾಡುತ್ತದೆ. ಗಿಟ್‌ಲ್ಯಾಬ್ ಕೂಡ 2023ರಲ್ಲಿ ಬಂದ ತನ್ನ 16ನೇ ಆವೃತ್ತಿಯಿಂದ ಅವಧಿಯಿಲ್ಲದ ಟೋಕನ್‌ಗಳನ್ನು ಕೈಬಿಟ್ಟಿತು. ಸುರಕ್ಷತೆಯ ದೃಷ್ಟಿಯಿಂದ ಇವೆಲ್ಲ ಸರಿಯಾದ ಹೆಜ್ಜೆಗಳು. ಕದ್ದ ಕೀಲಿ ಎಂದೆಂದಿಗೂ ನಡೆಯುವುದಕ್ಕಿಂತ ಮೂರು ತಿಂಗಳಿಗೊಮ್ಮೆ ಹೊಸದು ಮಾಡಿಕೊಳ್ಳುವುದು ಮೇಲು. ಮಾಡಿದ ದಿನವೇ ಮುಗಿಯುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿಟ್ಟರೆ ಬೆಳಗ್ಗೆ ಎದ್ದು ದೋಷ ಹುಡುಕುವ ಕೆಲಸ ತಪ್ಪುತ್ತದೆ. ಕಂಪನಿಯ ರೆಪೊಸಿಟರಿಗಳಲ್ಲಿ ಟೋಕನ್ ಚಾಲ್ತಿಯಲ್ಲಿದ್ದರೂ ಕಂಪನಿಯ ಏಕ ಲಾಗಿನ್ ವ್ಯವಸ್ಥೆ ಅದನ್ನು ಪ್ರತ್ಯೇಕವಾಗಿ ಒಪ್ಪದಿದ್ದರೆ 403 ಬರುವುದುಂಟು. ಟೋಕನ್ ಪುಟದಲ್ಲೇ ಅದಕ್ಕೆ ಅನುಮತಿ ಕೊಡುವ ಬಟನ್ ಇರುತ್ತದೆ.

ಮನೆಯ ಖಾತೆ ಒಂದು, ಆಫೀಸಿನ ಖಾತೆ ಒಂದು ಇಟ್ಟುಕೊಂಡವರಿಗೆ ಇನ್ನೊಂದು ತೊಡಕು. ಗಿಟ್ ಲಾಗಿನ್ ಹುಡುಕುವಾಗ ಹೋಸ್ಟ್ ಹೆಸರನ್ನಷ್ಟೇ ನೋಡುತ್ತದೆ, ರೆಪೊಸಿಟರಿಯ ದಾರಿಯನ್ನು ನೋಡುವುದಿಲ್ಲ. ಎರಡೂ ಖಾತೆ ಒಂದೇ ಗಿಟ್‌ಹಬ್‌ನಲ್ಲಿದ್ದರೆ ಒಂದರ ಕೀಲಿ ಎರಡಕ್ಕೂ ಹೋಗುತ್ತದೆ. ಪ್ರತಿ ಸಲ ನಮೂದು ಅಳಿಸುತ್ತಾ ಕೂರುವುದು ಪರಿಹಾರವಲ್ಲ. ರಿಮೋಟ್ ವಿಳಾಸದಲ್ಲಿ ಹೋಸ್ಟ್ ಹೆಸರಿನ ಮುಂದೆ ಯೂಸರ್‌ನೇಮ್ ಮತ್ತು ಅಟ್ ಚಿಹ್ನೆ ಸೇರಿಸಿದರೆ ಆ ಹೆಸರಿಗೆ ಸೇರಿದ ಕೀಲಿಯನ್ನೇ ಹೆಲ್ಪರ್ ಹುಡುಕುತ್ತದೆ. ಟೋಕನ್ನನ್ನು ವಿಳಾಸದಲ್ಲಿಡುವುದು ಅಪಾಯ, ಯೂಸರ್‌ನೇಮ್ ಮಾತ್ರ ಇಟ್ಟರೆ ಅಡ್ಡಿಯಿಲ್ಲ. ಯೂಸ್-ಎಚ್‌ಟಿಟಿಪಿ-ಪಾತ್ ಎಂಬ ಸೆಟ್ಟಿಂಗ್ ಹಾಕಿ ಪ್ರತಿ ರೆಪೊಸಿಟರಿಗೂ ಬೇರೆ ಕೀಲಿ ಇಟ್ಟುಕೊಳ್ಳುವುದು ಇನ್ನೊಂದು ದಾರಿ, ಆದರೆ ರೆಪೊಸಿಟರಿಗಳು ಹತ್ತಾರು ಇದ್ದವರಿಗೆ ಅದು ಹೊರೆ.

ಎಚ್‌ಟಿಟಿಪಿಎಸ್ ಬದಲು ಎಸ್‌ಎಸ್‌ಎಚ್ ಬಳಸುವವರು ಈ ತೊಂದರೆಗೆ ಹೊರತೆಂದು ಹೇಳುವುದುಂಟು. ಅಲ್ಲಿ ಪಾಸ್‌ವರ್ಡ್ ಇಲ್ಲ, ಕೀಲಿಜೋಡಿ ಇದೆ. ಅಷ್ಟರಿಂದ ತೊಂದರೆ ತಪ್ಪುವುದಿಲ್ಲ. ಎಸ್‌ಎಸ್‌ಎಚ್ ಏಜೆಂಟ್‌ನಲ್ಲಿ ಹಲವು ಕೀಲಿಗಳಿದ್ದರೆ ಅವು ಒಂದೊಂದಾಗಿ ಮುಂದೆ ಬರುತ್ತವೆ, ಯಾವುದೋ ಒಂದು ಖಾತೆಗೆ ಹೊಂದಿದ ಮೊದಲ ಕೀಲಿಯನ್ನೇ ಸರ್ವರ್ ಒಪ್ಪಿ ಅದರ ಒಡೆಯರನ್ನೇ ಬಳಕೆದಾರರೆಂದು ಎಣಿಸುತ್ತದೆ. ಹಳೆಯ ಆಫೀಸಿನ ಖಾತೆಯ ಕೀಲಿ ಸಾಲಿನಲ್ಲಿ ಮುಂದಿದ್ದರೆ ಲಾಗಿನ್ ಯಶಸ್ವಿ, ಪುಶ್ ವಿಫಲ. ಎಸ್‌ಎಸ್‌ಎಚ್ ಆದೇಶಕ್ಕೆ ದೊಡ್ಡ ಟಿ ಆಯ್ಕೆ ಕೊಟ್ಟು ಗಿಟ್‌ಹಬ್ ಅನ್ನು ನೇರವಾಗಿ ಮಾತಾಡಿಸಿದರೆ ಅದು ಹೆಸರು ಹಿಡಿದು ನಮಸ್ಕಾರ ಹೇಳುತ್ತದೆ. ಆ ಹೆಸರು ಯಾರದ್ದು ಎಂದು ನೋಡಿದರೆ ಪತ್ತೆ ಕೆಲಸ ಮುಗಿಯಿತು. ಎಸ್‌ಎಸ್‌ಎಚ್ ಕನ್ಫಿಗ್ ಫೈಲಿನಲ್ಲಿ ಆ ಹೋಸ್ಟ್‌ಗೆ ಇಂಥ ಕೀಲಿ ಎಂದು ಬರೆದು, ಐಡೆಂಟಿಟೀಸ್-ಓನ್ಲಿ ಎಂಬುದಕ್ಕೆ ಯೆಸ್ ಎಂದು ಕೊಟ್ಟರೆ ಬೇರೆ ಕೀಲಿಗಳು ತಲೆಹಾಕುವುದಿಲ್ಲ.

ಎಸ್‌ಎಸ್‌ಎಚ್‌ನಲ್ಲಿ ಹಳತಾಗುವುದು ಬಳಕೆದಾರರ ಕೀಲಿಯೊಂದೇ ಅಲ್ಲ. ಸರ್ವರ್‌ನ ಗುರುತನ್ನೂ ಯಂತ್ರ ನೋನ್-ಹೋಸ್ಟ್ಸ್ ಎಂಬ ಫೈಲಿನಲ್ಲಿ ಉಳಿಸಿಕೊಂಡಿರುತ್ತದೆ. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಲಿಯನ್ನು ಬದಲಿಸಿತು, ಅದು ಸ್ವಲ್ಪ ಹೊತ್ತು ಸಾರ್ವಜನಿಕ ರೆಪೊಸಿಟರಿಯೊಂದರಲ್ಲಿ ಬಯಲಾಗಿತ್ತು. ಹಳೆಯ ಗುರುತು ಇಟ್ಟುಕೊಂಡಿದ್ದ ಯಂತ್ರಗಳೆಲ್ಲ ಅಂದು ಸರ್ವರ್‌ನ ಗುರುತು ಬದಲಾಗಿದೆ ಎಂಬ ದೊಡ್ಡಕ್ಷರದ ಎಚ್ಚರಿಕೆ ಕೊಟ್ಟು ನಿಂತವು. ಇಂಥಲ್ಲಿ ಹಳೆಯ ನಮೂದನ್ನು ಅಳಿಸುವ ಮೊದಲು ಹೊಸ ಕೀಲಿಯ ಬೆರಳಚ್ಚನ್ನು ಆ ಸಂಸ್ಥೆಯೇ ಪ್ರಕಟಿಸಿದ ಪುಟದೊಂದಿಗೆ ತಾಳೆ ನೋಡಲೇಬೇಕು. ಬಳಕೆದಾರರ ಹಳೆಯ ಟೋಕನ್ ಅಳಿಸಿದರೆ ಏನೂ ಕೆಡುವುದಿಲ್ಲ, ಸರ್ವರ್‌ನ ಗುರುತನ್ನು ಯೋಚಿಸದೆ ಅಳಿಸಿದರೆ ನಡುವೆ ಕೂತ ಮೋಸಗಾರರನ್ನು ಒಪ್ಪಿಕೊಂಡಂತಾಗಬಹುದು.

ಗಿಟ್ ಬದಲು ಸಬ್‌ವರ್ಷನ್ ಇನ್ನೂ ಬಳಸುವ ಕಚೇರಿಗಳಲ್ಲಿ ಕಥೆ ಚಿಕ್ಕದು. ಅದು ಲಾಗಿನ್‌ಗಳನ್ನು ತನ್ನದೇ ಸೆಟ್ಟಿಂಗ್ ಫೋಲ್ಡರಿನ ಆಥ್ ಎಂಬ ಉಪಫೋಲ್ಡರಿನಲ್ಲಿ ಇಡುತ್ತದೆ. ಟಾರ್ಟಾಯ್ಸ್ ಎಸ್‌ವಿಎನ್‌ನ ಸೆಟ್ಟಿಂಗ್ಸ್‌ನಲ್ಲಿ ಸೇವ್ಡ್ ಡೇಟಾ ಎಂಬಲ್ಲಿ ಅದನ್ನು ಅಳಿಸುವ ಬಟನ್ ಇದೆ.

ಮನುಷ್ಯರು ಕೂತಿರುವ ಯಂತ್ರಗಳಲ್ಲಿ ಇಷ್ಟು ಸಾಕು. ರಾತ್ರಿ ತಾನಾಗಿ ಕೋಡು ಎಳೆದು ಬಿಲ್ಡ್ ಮಾಡುವ ಸರ್ವರ್‌ಗಳಲ್ಲಿ ಮಾತ್ರ ಹಳೆಯ ಕೀಲಿ ಹೆಚ್ಚು ಕಾಡುತ್ತದೆ, ಏಕೆಂದರೆ ಅಲ್ಲಿ ಕೇಳಿದರೂ ಉತ್ತರಿಸುವವರಿಲ್ಲ. ಎಷ್ಟೋ ತಂಡಗಳಲ್ಲಿ ಬಿಲ್ಡ್ ಯಂತ್ರ ಓಡುತ್ತಿರುವುದು ಅದನ್ನು ಮೊದಲು ಜೋಡಿಸಿದವರ ಸ್ವಂತ ಟೋಕನ್‌ನಲ್ಲಿ. ಅವರು ಕೆಲಸ ಬಿಟ್ಟು ಖಾತೆ ಮುಚ್ಚಿದ ದಿನ ಬಿಲ್ಡ್ ನಿಲ್ಲುತ್ತದೆ, ಲಾಗ್‌ನಲ್ಲಿ ಯೂಸರ್‌ನೇಮ್ ಓದಲಾಗಲಿಲ್ಲ ಎಂಬ ಸಾಲು ಮಾತ್ರ ಇರುತ್ತದೆ. ಅಲ್ಲಿ ವ್ಯಕ್ತಿಯ ಕೀಲಿ ಇರಬಾರದು. ಒಂದೇ ರೆಪೊಸಿಟರಿಗೆ ಸೀಮಿತವಾದ ಡಿಪ್ಲಾಯ್ ಕೀಲಿ ಇಡಬೇಕು. ಅದರಿಂದ ಬರೆಯುವ ಅಗತ್ಯ ಇಲ್ಲದಿದ್ದರೆ ಓದುವ ಅಧಿಕಾರ ಮಾತ್ರ ಕೊಡಬೇಕು.

ಯಾವ ಬದಲಾವಣೆ ಮಾಡಿದ ಮೇಲೂ ಅದು ಕೂತಿತೇ ಎಂದು ತಿಳಿಯಲು ನಿಜವಾದ ಪುಶ್ ಮಾಡಬೇಕಿಲ್ಲ. ಗಿಟ್ ಎಲ್‌ಎಸ್-ರಿಮೋಟ್ ಎಂಬ ಆದೇಶ ಸರ್ವರ್‌ನಲ್ಲಿರುವ ಬ್ರಾಂಚ್‌ಗಳ ಪಟ್ಟಿ ತಂದರೆ ಓದುವ ದಾರಿ ತೆರೆದಿದೆ. ಸಾರ್ವಜನಿಕ ರೆಪೊಸಿಟರಿಯಾದರೆ ಅದು ಯಾರಿಗೂ ಪಟ್ಟಿ ಕೊಡುವುದರಿಂದ ಅಷ್ಟನ್ನೇ ನಂಬುವಂತಿಲ್ಲ. ಪುಶ್ ಆದೇಶಕ್ಕೆ ಡ್ರೈ-ರನ್ ಆಯ್ಕೆ ಸೇರಿಸಿದರೆ ಗಿಟ್ ಸರ್ವರ್‌ವರೆಗೆ ಹೋಗಿ, ಬರೆಯುವ ಗುರುತು ಕೊಟ್ಟು, ಒಪ್ಪಿಗೆ ಪಡೆದು, ಏನನ್ನೂ ಬರೆಯದೆ ಹಿಂದಿರುಗುತ್ತದೆ. ಅದು ದೋಷವಿಲ್ಲದೆ ಮರಳಿದರೆ ಹೊಸ ಕೀಲಿ ಕೆಲಸ ಮಾಡುತ್ತಿದೆ.